ಅವ್ವನ ಪೆಪ್ಪರ್‌ಮೆಂಟು

ಹರಿಹರ
5 ಫೆಬ್ರವರಿ 2025

ದಾವಣಗೆರೆ ಕೆ.ಬಿ. ಬಡಾವಣೆಯಲ್ಲಿ, ಹಿರಿಮಗಳ ಬಾಡಿಗೆ ಮನೆಯ ಮಹಡಿಯ ಮೇಲೆ, ಚಿಕಿತ್ಸೆಯ ನಿಮಿತ್ತ ಬಿಡಾರ ಹೂಡಿರುವ ಶ್ರೀಮತಿ ರೇವತಿಯವರ, ಅಂದರೆ ನನ್ನ ಹೆತ್ತವ್ವನವರ, ಘನ ಸನ್ನಿಧಾನಕ್ಕೆ,

ವಿಷಯ: ನಾಳಿನ ಎರಡನೇ ಕೀಮೋಗೆ ಸದರಿ ಮಗನು ಹಾಜರಾಗಲು ಅಸಮರ್ಥನಾಗಿರುವ ಬಗ್ಗೆ.

ಮಾನ್ಯರೇ,

ನಿನ್ನೆ ಸಂಜೆ ನನ್ನ ಹೊಟ್ಟೆಯ ಮೇಲೆ ಒಂದು ಗುಳ್ಳೆ ಬಂದು ಕೂತಿತು. ಬೆಳಗಾಗುವಷ್ಟರಲ್ಲಿ ತನ್ನ ಬಂಧುಬಳಗವನ್ನೆಲ್ಲ ಕರೆಸಿಕೊಂಡು ಮುಖದ ತನಕ ಗುಡಿಸಲು ಹಾಕಿತು. ಪಕ್ಕದ ಮನೆಯ ಖೈರುನ್ನೀಸಾ ಚಾಚಿ ಕಿಟಕಿಯಲ್ಲಿ ಇಣುಕಿದವರೇ "ಯಾ ಅಲ್ಲಾ, ಮಾರುತಿ! ನಿನಗೆ ಅಮ್ಮ ಬಂದಾಳಲ್ಲೋ!" ಎಂದು ಇಡೀ ಓಣಿಗೆ ಡಂಗುರ ಹೊಡೆದರು. ಡಾಕ್ಟರು ಅದನ್ನೇ ಚಿಕನ್ ಪಾಕ್ಸ್ ಎಂದು ತರ್ಜುಮೆ ಮಾಡಿದರು.

ಕೀಮೋ ತೆಗೆದುಕೊಳ್ಳುವವರಿಗೆ ಇದು ತಗುಲಿದರೆ ಬರೀ ಗುಳ್ಳೆಗೆ ಮುಗಿಯುವುದಿಲ್ಲವಂತೆ. ನಿನಗೆ ಚಿಕ್ಕಂದಿನಲ್ಲಿ ಆಗಿತ್ತೋ ಇಲ್ಲವೋ ಅಜ್ಜಿಗೂ ನೆನಪಿಲ್ಲ. ಹೋದ ವಾರವೆಲ್ಲ ನಾನು ಹರಿಹರ ಬಿಟ್ಟು ಕದಲದಿದ್ದದ್ದೇ ಪುಣ್ಯ ಎಂದರು ನಿನ್ನ ಡಾಕ್ಟರಮ್ಮ. ಹಕ್ಕಳೆಯೆಲ್ಲ ಉದುರುವ ತನಕ ನಾನು ನಿನ್ನ ಹತ್ತಿರ ಸುಳಿಯಬಾರದು. ಅಂದರೆ, ಅಮ್ಮ ಬಂದಿರುವ ಪ್ರಯುಕ್ತ ಅವ್ವನ ಹತ್ತಿರ ಬರುವಂತಿಲ್ಲ. ತಾಲ್ಲೂಕು ಕಚೇರಿ ಎದುರಿನ ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಊರಿನ ಅರ್ಜಿಗಳನ್ನೆಲ್ಲ ಟೈಪ್ ಮಾಡಿದ್ದೇನೆ. ಇಂಥದ್ದನ್ನು ಮಾತ್ರ ಯಾರೂ ಬರೆಸಿರಲಿಲ್ಲ.

ನನ್ನ ಕೈ ಸೋಕಿದ ಹಾಳೆಯೂ ನಿನ್ನ ಹತ್ತಿರ ಬರುವುದು ಬೇಡವೆಂದು, ಇದನ್ನು ಮೊಬೈಲಿನಲ್ಲಿ ಬರೆದು ಅಂಗಡಿಗೆ ಕಳಿಸುತ್ತೇನೆ. ಅಂಜನಕುಮಾರ ಪ್ರಿಂಟ್ ತೆಗೆದು, ಸೊಸೈಟಿ ಕೆಲಸಕ್ಕೆ ದಿನಾ ಹರಿಹರಕ್ಕೆ ಬರುವ ಸುಷ್ಮಕ್ಕನ ಕೈಗೆ ಕೊಡುತ್ತಾನೆ. ಅವನೂ ಓದುತ್ತಾನೆ. ಓದಲಿ ಬಿಡು, ಜ್ಞಾನ ಹೆಚ್ಚಲಿ.

ಇಂದಿನಿಂದ ನಿನ್ನ ಔಷಧ ಖಾತೆಯನ್ನು ಹಿರಿಯರಾದ ಕರಿಯವ್ವಜ್ಜಿಗೆ ವಹಿಸಲಾಗಿದೆ. ನಾಳೆ ಆಸ್ಪತ್ರೆಯಲ್ಲಿ ಸೂಜಿ ಕೊಡುತ್ತಾರೆ. ಮನೆಗೆ ಬಂದ ಮೇಲೆ ವಾಂತಿ ಮಾತ್ರೆಯನ್ನು, ವಾಂತಿ ಬರಲಿ ಬಿಡಲಿ, ಬರೆದುಕೊಟ್ಟಷ್ಟು ದಿನ ಬೆಳಿಗ್ಗೆ ಒಂದು, ರಾತ್ರಿ ಒಂದು ತಪ್ಪದೆ ಕೊಡಬೇಕು ಎಂದು ಅಕ್ಕ ಅಜ್ಜಿಗೆ ಹೇಳಿದ್ದಾಳೆ. ಬಂದ ಮೇಲೆ ಕೊಟ್ಟರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆದರೆ ಹೋದ ಸಲ ನಾನು ಬಾಗಿಲಲ್ಲಿ ನಿಂತು ಬಾಯಲ್ಲೇ ಕಹಳೆ ಊದಿ, "ಮಹಾರಾಣಿಯವರಿಗೆ ಪೆಪ್ಪರ್‌ಮೆಂಟು!" ಎಂದು ಕೂಗುತ್ತಿದ್ದೆನಲ್ಲ, ಆ ಸೇವೆಯನ್ನು ಅಜ್ಜಿಯಿಂದ ನಿರೀಕ್ಷಿಸಬೇಡ. ಅವಳಿಗೆ ಹಲ್ಲಿಲ್ಲ, ಕಹಳೆ ಸೋರುತ್ತದೆ.

ಇಂತಿ, ಬೇವಿನ ಸೊಪ್ಪಿನ ಸಿಂಹಾಸನದಿಂದ,
ಮಾರುತಿ


ದಾವಣಗೆರೆ
9 ಫೆಬ್ರವರಿ

ಮಾರುತಿ,

ಫೋನ್ ಮಾಡಬ್ಯಾಡ. ಬಾಯಿ ತುಂಬ ಹುಣ್ಣು, ಮಾತಾಡಾಕೆ ಆಗಂಗಿಲ್ಲ. ಮೊನ್ನೆ ನೀನು ಫೋನಿನಲ್ಲಿ ಗುಳ್ಳೆಗಳಿಗೆ ಹಾಜರಿ ಕೂಗಿದಿಯಲ್ಲ, ನಗು ಬಂತು. ನಕ್ಕಿದ್ದೇ ತಡ, ಹೊಟ್ಟೆಯೊಳಗಿನದೆಲ್ಲ ಕಿತ್ತುಕೊಂಡು ಬಂತು. ಆಮೇಲೆ ರಾತ್ರಿಯಿಡೀ ನಿಲ್ಲಲಿಲ್ಲ. ನಿನ್ನ ಕಾಗದವನ್ನೂ ಸುಷ್ಮಾ ಕೈಯಲ್ಲಿ ತುಂಡು ತುಂಡು ಮಾಡಿ ಓದಿಸಿಕೊಂಡೆ. ಕಹಳೆ ಸೋರುವಲ್ಲಿಗೆ ನಿಲ್ಲಿಸಿ, ಬಕೆಟ್ ತರಿಸಿಕೊಂಡು, ಮುಂದಕ್ಕೆ ಓದು ಅಂದೆ.

ಹೋದ ಸಲ ಹಿಂಗಿರಲಿಲ್ಲ. ಈ ಸಲ ನೀರು ಕುಡಿದರೂ ನಿಲ್ಲುತ್ತಿಲ್ಲ. ಒಗ್ಗರಣೆ ವಾಸನೆ ಬೇಡ, ಬೆಳಕು ಬೇಡ. ನಿನ್ನಜ್ಜಿ ತಲೆ ಹಿಡಿದುಕೊಂಡೇ ಕೂತಿರುತ್ತಾಳೆ, ಅವಳೂ ಮಲಗಿಲ್ಲ.

ದಯವಿಟ್ಟು ನಗಿಸಬ್ಯಾಡ.

ಬರೆಯಲಿಕ್ಕೆ ಶುರು ಮಾಡಿದ್ದು ಬೆಳಿಗ್ಗೆ. ಈಗ ದೀಪ ಹಚ್ಚಿದರು.

ಅವ್ವ


ಹರಿಹರ
10 ಫೆಬ್ರವರಿ

ಅವ್ವನ ಸನ್ನಿಧಾನಕ್ಕೆ,

ಈ ಪತ್ರದಲ್ಲಿ ಹಾಸ್ಯವು ಯಾವ ರೂಪದಲ್ಲಿಯೂ ಇರುವುದಿಲ್ಲವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ. ಪ್ರಮಾಣ ಮಾಡುವುದೂ ನಗು ತರಿಸಿದರೆ ಮೇಲಿನ ಸಾಲನ್ನು ಬಿಟ್ಟು ಓದತಕ್ಕದ್ದು.

ನಾನು ಚೆನ್ನಾಗಿದ್ದೇನೆ. ಚಾಚಿ ಬಾಗಿಲ ಹೊರಗೆ ಗಂಜಿ ಇಟ್ಟು ಕೋಲಿನಿಂದ ತಟ್ಟಿ ಹೋಗುತ್ತಾರೆ. ನಿನ್ನೆ "ಹೆಂಗಿದಾಳೋ ನಿಮ್ಮವ್ವ?" ಎಂದು ಕೇಳಿದರು. "ನಗಬಾರದು ಅಂದಾರ್ರೀ ಚಾಚಿ" ಎಂದೆ. ಅವರು ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ "ಹಂಗಾರೆ ನಿನ್ನ ಕೈಲಿ ಇನ್ನೇನು ಐತೋ ಕೊಡಾಕೆ?" ಎಂದರು. ಬೈಯಲಿಕ್ಕೆ ಅಂದದ್ದಲ್ಲ. ನಿಜವಾಗಿಯೂ ಕೇಳಿದರು.

ಗಂಜಿ ಉಪ್ಪಾಗಿತ್ತು ಎಂದೆ.

ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯ ತಾನೆ? ನುಂಗಿದ ಕೂಡಲೇ ವಾಂತಿಯಾದರೆ ನೀವೇ ಇನ್ನೊಂದು ನುಂಗಿಸಬೇಡಿ, ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿ ಎಂದು ಹೋದ ಸಲವೇ ಹೇಳಿದ್ದರು. ಅಕ್ಕನಿಗೆ ನೆನಪಿಸು.

ನಗುರಹಿತ ವಿಭಾಗದಿಂದ,
ಮಾರುತಿ


ದಾವಣಗೆರೆ
12 ಫೆಬ್ರವರಿ

ಲೇ ಮಾರುತಿ,

ಅವ್ವನಿಗೆ ತೋರಿಸದೆ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತುಬಿಟ್ಟಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಮೈಯಲ್ಲಿ ನೀರೇ ಇಲ್ಲ ಎಂದು ಬಾಟಲಿ ಏರಿಸಿದರು. ಡಾಕ್ಟರಮ್ಮ "ಮನೆಯಲ್ಲಿ ಮಾತ್ರೆ ಸರಿಯಾಗಿ ಕೊಡ್ತಿದೀರಾ?" ಎಂದು ಎರಡು ಸಲ ಕೇಳಿದರು. ಹೌದು ಮೇಡಂ ಎಂದೆ. ಕೊಡುತ್ತಲೇ ಇದ್ದೇವಲ್ಲ. ನಾನು ಬಸ್ಸಿಗೆ ಓಡುವ ಮೊದಲು ಅಜ್ಜಿಗೆ "ವಾಂತಿ ಮಾತ್ರೆ ಮರೀಬ್ಯಾಡ" ಅಂತೀನಿ, ಅವಳು ಹೂಂ ಅಂತಾಳೆ. ಸಂಜೆ ಬಂದು ಮಾತ್ರೆ ಶೀಟು ನೋಡಿದರೆ ಬೆಳಗಿನ ಗುಳಿ ಖಾಲಿ ಇರುತ್ತದೆ. ರಾತ್ರಿಯದನ್ನೂ ಅವಳೇ ಒಳಗೆ ಒಯ್ಯುತ್ತಾಳೆ.

ಮಾತ್ರೆ ಕೊಟ್ಟೂ ಹೀಗಾದರೆ ಮುಂದಿನ ಸಲಕ್ಕೆ ಇನ್ನೊಂದು ಜೋರಾದ ಔಷಧ ಸೇರಿಸಬೇಕು, ಅದಕ್ಕೆ ಮೊದಲು ಎದೆ ಬಡಿತ ನೋಡಲು ಇಸಿಜಿ ತೆಗೆಸಬೇಕು ಎಂದರು. ಅವ್ವ ಮಲಗಿದ್ದಲ್ಲಿಂದಲೇ ಬೇಡವೆಂದು ಕೈ ಆಡಿಸಿದಳು. ಆಟೋದಲ್ಲಿ ಬರುವಾಗ ಹುಣ್ಣಿನ ಬಾಯಲ್ಲಿ ಒಂದೇ ಮಾತು: "ಸಾಕು ಸುಷ್ಮಾ. ಮೂರನೇದು ಬ್ಯಾಡ. ಹಿಂಗೆ ಕಕ್ಕಿ ಕಕ್ಕಿ ಸಾಯೋದಕ್ಕಿಂತ ಗಡ್ಡೆಯಿಂದ ಸಾಯೋದು ಮೇಲು."

ಮೂರನೇದು ಇಪ್ಪತ್ತಕ್ಕೆ. ತಪ್ಪಿಸಿದರೆ ಗಡ್ಡೆ ತೆಗೆಸಿದ್ದೂ ದಂಡ ಆಗಬಹುದು ಎನ್ನುತ್ತಾರೆ. ನನ್ನ ಮಾತು ಕೇಳುತ್ತಿಲ್ಲ. ನಿನ್ನ ಮಾತು ಕೇಳುತ್ತಾಳೆ. ಏನಾದರೂ ಬರಿ. ನಿನ್ನ ಆ ಕಚೇರಿ ಭಾಷೆ ಬಿಟ್ಟು ಬರಿ.

ಸುಷ್ಮಾ


ಹರಿಹರ
13 ಫೆಬ್ರವರಿ

ಅವ್ವಾ,

ಅಕ್ಕ ಎಲ್ಲ ಹೇಳಿದಳು. ಹೇಳಿದಳು ಎಂದು ಅವಳನ್ನು ಬೈಯಬೇಡ.

ಬೆಳಗಿನಿಂದ ಬರೆದು ಬರೆದು ಅಳಿಸುತ್ತಿದ್ದೇನೆ. "ಮೂರನೇದು ತಗೋ" ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಕಕ್ಕುವವಳು ನೀನು. ನಾನಿಲ್ಲಿ ಬೇವಿನ ಸೊಪ್ಪಿನಿಂದ ಬೆನ್ನು ಕೆರೆದುಕೊಂಡು ಕೂತಿದ್ದೇನೆ. ಶಟಲ್ ಬಸ್ಸು ಹತ್ತಿದರೆ ದಾರಿಯ ಬಾತಿ ಊರು ದಾಟುವಷ್ಟರಲ್ಲಿ ಒಂದು ನಿದ್ದೆಯೂ ಆಗುವುದಿಲ್ಲ, ಅಷ್ಟು ಹತ್ತಿರ. ನಿನ್ನೆ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿದ್ದೆ. ನಾನು ಬಂದರೆ ನಿನ್ನನ್ನು ನಾನೇ ಕೊಂದಂತೆ ಎಂದು ನೆನಪಾಗಿ ಚಪ್ಪಲಿ ಬಿಟ್ಟು ಒಳಗೆ ಬಂದೆ.

ಹೋದ ಸಲ ನಾನು ಕೊಡುತ್ತಿದ್ದಾಗ ನೀನು ಇಷ್ಟು ನರಳಲಿಲ್ಲವಲ್ಲ. ನಾನು ಕೊಟ್ಟದ್ದೂ ಅದೇ, ಅಜ್ಜಿ ಕೊಡುವುದೂ ಅದೇ. ನನ್ನ ಕಹಳೆಯಲ್ಲೇ ಔಷಧ ಇತ್ತೇನೋ. ಬೇಕಾದರೆ ಕಹಳೆಯನ್ನು ಅಕ್ಕನ ಮೊಬೈಲಿಗೆ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಅಜ್ಜಿ ಪೆಪ್ಪರ್‌ಮೆಂಟನ್ನು ನಾಲಿಗೆ ಮೇಲೆ ಇಡುವಾಗ ಕೇಳಿಸಿಕೋ. ಈಗಲೂ ಅದು ಸಿಹಿಯಾಗಿಯೇ ಕರಗುತ್ತದೆಯೋ, ಇಲ್ಲ ಹುಣ್ಣಿನಿಂದ ಉರಿಯುತ್ತದೆಯೋ?

ಇಷ್ಟನ್ನಾದರೂ ಬರಿ.

ಮಾರುತಿ


ದಾವಣಗೆರೆ
14 ಫೆಬ್ರವರಿ

ಮಾರುತಿ,

ಬಾಟಲಿ ಏರಿಸಿದ ಮೇಲೆ ಸ್ವಲ್ಪ ಜೀವ ಬಂದಂತಾಗಿದೆ. ಆದರೆ ಮೂರನೇದರ ಮಾತು ಎತ್ತಬ್ಯಾಡ. ಆಸ್ಪತ್ರೆಯ ಮೆಟ್ಟಿಲು ನೆನೆಸಿಕೊಂಡರೂ ಬಾಯಲ್ಲಿ ನೀರೂರುತ್ತದೆ. ಊಟ ನೆನೆದಾಗ ಊರುವ ನೀರಲ್ಲ.

ಪೆಪ್ಪರ್‌ಮೆಂಟು ಎಲ್ಲಿಂದ ಬರಬೇಕೋ? ನೀನಿಲ್ಲ, ಪೆಪ್ಪರ್‌ಮೆಂಟೂ ಇಲ್ಲ. ಕಹಿ ಮಾತ್ರೆಗಳಾದ ಮೇಲೆ ನನ್ನ ಬಾಯಿ ಸಿಹಿ ಮಾಡಲಿಕ್ಕೆ ನೀನು ಅಂಗಡಿಯಿಂದ ತರುತ್ತಿದ್ದಿ ಎಂದು ಗೊತ್ತಿತ್ತು. ನಿನ್ನಜ್ಜಿಯನ್ನು ಕೇಳಲಿಲ್ಲ, ಪಾಪ, ಈ ವಯಸ್ಸಿನಲ್ಲಿ ನಾನು ಪೆಪ್ಪರ್‌ಮೆಂಟು ಕೇಳಿದರೆ ಏನಂದುಕೊಂಡಾಳು. ಈ ಸಲ ಕೊಟ್ಟದ್ದೆಲ್ಲ ನೀರಲ್ಲಿ ನುಂಗುವ ಕಹಿ ಮಾತ್ರೆಗಳೇ.

ನಿನ್ನ ಹಕ್ಕಳೆ ಕೆರೆಯಬ್ಯಾಡ. ಕಲೆ ಉಳಿದರೆ ಹೆಣ್ಣು ಸಿಗಂಗಿಲ್ಲ.

ಅವ್ವ


ದಾವಣಗೆರೆ
16 ಫೆಬ್ರವರಿ

ಮಾರುತಿ,

ನಿನ್ನೆ ಬೆಳಿಗ್ಗೆ ನಿನ್ನ ಕಿಟಕಿಯಲ್ಲಿ ಅವ್ವನ ಕಾಗದ ಇಟ್ಟು ಇನ್ನೂ ಸೊಸೈಟಿ ಮುಟ್ಟಿರಲಿಲ್ಲ, ನಿನ್ನ ಫೋನು ಬಂತು. "ಅದು ಪೆಪ್ಪರ್‌ಮೆಂಟಲ್ಲ ಅಕ್ಕ, ಅದೇ ವಾಂತಿ ಮಾತ್ರೆ!" ಎಂದು ನೀನು ಕಿರುಚಿದ್ದು ಕೌಂಟರಿನಲ್ಲಿದ್ದವರಿಗೆಲ್ಲ ಕೇಳಿಸಿತು. ಮುಂದಿನದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಜೆ ಹಾಕಿ ಮನೆಗೆ ಬಂದೆ. ಅಜ್ಜಿ ಅಡಿಗೆಮನೆಯಲ್ಲಿ ಗಂಜಿ ಸೋಸುತ್ತಿದ್ದಳು. ಖಾಲಿ ಶೀಟು ಹಿಡಿದು ಕೇಳಿದೆ.

"ಅಜ್ಜಿ, ಇದರೊಳಗಿನ ಮಾತ್ರೆ ಏನು ಮಾಡ್ದೆ?"

"ಬಚ್ಚಲಿಗೆ ಹಾಕಿ ನೀರು ಹುಯ್ದೆ."

"ಯಾಕ?"

"ಯಾಕ ಅಂದ್ರೆ? ಭೇದಿ ಮಾತ್ರೆ ತಗಂಡ್ರೆ ಏನಾಗ್ತೈತೆ?"

"ಭೇದಿ ಆಗ್ತೈತೆ."

"ನಿದ್ದೆ ಮಾತ್ರೆ ತಗಂಡ್ರೆ?"

"ನಿದ್ದೆ ಬರ್ತೈತೆ."

"ಮತ್ತೆ ವಾಂತಿ ಮಾತ್ರೆ ತಗಂಡ್ರೆ?"

ನಾನು ಕೈಯಲ್ಲಿದ್ದ ಶೀಟು ತಿರುಗಿಸಿ ನೋಡಿದೆ ಕಣೋ.

"ಹೊಟ್ಟೆ ತೊಳೆದು ಹೋಗ್ಲಿ ಅಂತ ಕಕ್ಕಿಸೋ ಔಷ್ದ ಕೊಟ್ಟಾರೆ ಅಂತ ತಿಳಕಂಡೆ" ಎಂದಳು. "ಮೊದ್ಲೇ ಕರುಳು ಕಿತ್ತು ಬರಂಗೆ ಕಕ್ತಾಳೆ ನನ್ನ ಮಗಳು. ಮ್ಯಾಲೆ ವಾಂತಿ ಮಾತ್ರೆ ಕೊಡ್ಲೇನು? ದಾಕ್ಟರಿಗೇನು, ಅವ್ರು ಹೆತ್ತಾರಾ? ನಿಂಗೆ ಹೇಳಿದ್ರೆ ಬೈತೀಯ ಅಂತ ಸುಮ್ನೆ ಇದ್ದೆ. ಉಳಿದ ಮಾತ್ರೆ ಒಂದೂ ತಪ್ಪಿಸಿಲ್ಲ, ನಿಮ್ಮಪ್ಪನಾಣೆ."

ನಿಧಾನಕ್ಕೆ ಹೇಳಿದೆ, ಅಜ್ಜಿ, ಇದು ಬರಿಸೋದಲ್ಲ, ನಿಲ್ಲಿಸೋದು ಅಂತ. ಸೌಟು ಕೆಳಗಿಟ್ಟಳು. "ಹಂಗಾರೆ ಜ್ವರದ ಮಾತ್ರೆ ಇದ್ದಂಗೇನು?" ಎಂದಳು. ಹೂಂ ಎಂದೆ. ಗೋಡೆಗೆ ಒರಗಿ ಕೂತವಳು ಇನ್ನೂ ಸರಿಯಾಗಿ ಎದ್ದಿಲ್ಲ. ಅಳಲೂ ಇಲ್ಲ. ನಿನ್ನೆಯಿಂದ ಊಟ ಮುಟ್ಟಿಲ್ಲ.

ಡಾಕ್ಟರಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಬೈಯಲಿಲ್ಲ. "ನಾವೂ ವಾಂತಿ ಮಾತ್ರೆ ಅಂತಲೇ ಅಂತೀವಲ್ಲ" ಎಂದು ಹಣೆ ಒತ್ತಿಕೊಂಡರು. ಗೊತ್ತಾಗದೇ ಹೋಗಿದ್ದರೆ ಸುಮ್ಮನೆ ಇನ್ನೊಂದು ಜೋರು ಔಷಧ ಸೇರಿಸಿಬಿಡುತ್ತಿದ್ದೆ ಎಂದರು. ಮೂರನೇದಕ್ಕೆ ಇದನ್ನೇ ಸರಿಯಾಗಿ ಕೊಟ್ಟು ನೋಡೋಣ ಅಂದಿದ್ದಾರೆ.

ಆದರೆ ಅವ್ವ ಎಲ್ಲ ಕೇಳಿಸಿಕೊಂಡು, "ಕೊಟ್ಟಿದ್ರೂ ಅಷ್ಟೇ, ಕೊಡದಿದ್ರೂ ಅಷ್ಟೇ, ನಾನು ಬರಂಗಿಲ್ಲ" ಎಂದು ಗೋಡೆ ಕಡೆ ಹೊರಳಿದಳು.

ಸುಷ್ಮಾ


ಹರಿಹರ
17 ಫೆಬ್ರವರಿ

ಶ್ರೀಮತಿ ಕರಿಯವ್ವನವರಿಗೆ ತುರ್ತು ಆದೇಶ

(ಸದರಿಯವರಿಗೆ ಓದು ಬಾರದ ಕಾರಣ, ಅವರ ಮಗಳಾದ ರೇವತಿಯವರೇ ಖುದ್ದಾಗಿ, ಗಟ್ಟಿಯಾಗಿ, ಎಷ್ಟು ದಿನ ಹಿಡಿದರೂ ಸರಿ, ಓದಿ ಹೇಳತಕ್ಕದ್ದು. ಸುಷ್ಮಕ್ಕ ಓದಿದರೆ ಈ ಆದೇಶ ಊರ್ಜಿತವಾಗುವುದಿಲ್ಲ.)

ಅಜ್ಜಿ, "ವಾಂತಿ ಮಾತ್ರೆ" ಎಂಬ ಹೆಸರನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಆ ಹೆಸರೇ ಸುಳ್ಳು ಹೆಸರು. ನಿನ್ನ ಲೆಕ್ಕವೇ ಸರಿ. ಭೇದಿ ಮಾತ್ರೆ ಭೇದಿ ಮಾಡಿಸುವುದಾದರೆ ವಾಂತಿ ಮಾತ್ರೆ ಇನ್ನೇನು ಮಾಡಿಸಬೇಕು? ಓದಿದ ನಮಗೆ ಯಾರಿಗೂ ಇದು ಹೊಳೆಯಲಿಲ್ಲ. ನಾನೋ, ಮದ್ದಿಗೆ ಪೆಪ್ಪರ್‌ಮೆಂಟು ಎಂದು ಹೆಸರಿಟ್ಟ ಮಹಾ ಪಂಡಿತ. ಅವ್ವನಿಗೆ ಅದು ಮಾತ್ರೆ ಎಂದೇ ಗೊತ್ತಿರಲಿಲ್ಲ, ಗೊತ್ತಿದ್ದರೆ ಮೊದಲ ದಿನವೇ ಕೇಳುತ್ತಿದ್ದಳು. ಹೊಸ ಹೆಸರು ಇಡುವ ಅಧಿಕಾರವನ್ನು ನಿನಗೇ ಕೊಡಲಾಗಿದೆ.

ಕೊಡುವ ಬಗೆ ಹೀಗೆ. ನಿನ್ನ ಕೈ ಯಾವಾಗಲೂ ಒದ್ದೆ. ಮೊದಲು ಸೆರಗಿಗೆ ಚೆನ್ನಾಗಿ ಒರೆಸಿಕೋ, ಒದ್ದೆ ಕೈ ತಾಗಿದರೆ ಈ ಮಾತ್ರೆ ಬೆರಳಲ್ಲೇ ಕರಗುತ್ತದೆ. ಶೀಟಿನಿಂದ ಒತ್ತಿ ತೆಗೆದರೆ ಪುಡಿಯಾಗುತ್ತದೆ, ಹಿಂದಿನ ಕಾಗದ ಸುಲಿದು ತೆಗೆ. ನಾಲಿಗೆಯ ಮೇಲಿಟ್ಟರೆ ಸಾಕು, ತಾನೇ ಕರಗುತ್ತದೆ. ಬರೆದುಕೊಟ್ಟದ್ದಕ್ಕಿಂತ ಒಂದೂ ಹೆಚ್ಚಿಗೆ ಬೇಡ, ಪ್ರೀತಿ ಉಕ್ಕಿದರೂ ಬೇಡ. ತಲೆ ನೋಯಬಹುದು, ಹೊಟ್ಟೆ ಕಟ್ಟಬಹುದು, ಅದಕ್ಕೆ ಹೆದರಬೇಡ, ಡಾಕ್ಟರಮ್ಮನಿಗೆ ಹೇಳಿದರೆ ಸಾಕು. ಎದೆ ಡವಗುಟ್ಟಿದರೆ, ತಲೆ ತಿರುಗಿ ಬಿದ್ದರೆ, ಆಗ ಮಾತ್ರ ಕಾಯದೆ ಆಸ್ಪತ್ರೆಗೆ ಓಡಬೇಕು.

ಅವ್ವಾ, ಇಲ್ಲಿಯ ತನಕ ಗಟ್ಟಿಯಾಗಿ ಓದಿದ್ದೀಯ ಎಂದರೆ ನಿನ್ನ ಬಾಯಿ ಹುಣ್ಣು ಮಾಯುತ್ತಿದೆ ಎಂದು ಅರ್ಥ.

ಇನ್ನು ಹೇಳಲಿಕ್ಕೆ ನನಗೆ ಅಧಿಕಾರವಿಲ್ಲ.

ಮಾರುತಿ


ದಾವಣಗೆರೆ
19 ಫೆಬ್ರವರಿ

ಮಾರುತಿ,

ನಿನ್ನ ಕಿತಾಪತಿ ಗೊತ್ತಾಗದೆ ಓದಿದೆ ಅಂದುಕೊಳ್ಳಬ್ಯಾಡ. ಗೊತ್ತಾಗಿಯೇ ಓದಿದೆ. ನಿನ್ನಜ್ಜಿ ಮುಂದೆ ಕೂತು, ಶಾಲೆ ಹುಡುಗಿ ಹಂಗೆ, "ಇನ್ನೊಂದು ಸಲ ಓದು" ಅಂದಳು. ಓದಿದೆ. ಕೈ ಒರೆಸಿಕೊಳ್ಳೋದು ಕಲಿತಳು, ಕಾಗದ ಸುಲಿಯೋದು ಕಲಿತಳು. ಆಮೇಲೆ ನನ್ನ ಕಾಲು ಹಿಡಿದುಕೊಂಡಳು.

ಹೆತ್ತವಳು ಮಗಳ ಕಾಲು ಹಿಡಿಯೋದು ನೀನು ನೋಡಿಲ್ಲ. ನೋಡಬ್ಯಾಡ.

"ನನ್ನ ಕೈಲಿ ಕೆಡಿಸೀನಿ ರೇವತಿ. ಒಂದ್ಸಲ ನನ್ನ ಕೈಲೇ ಸರಿಯಾಗಿ ಕೊಡಾಕೆ ಬಿಡು. ಆಮ್ಯಾಕೆ ನೀನು ಬ್ಯಾಡ ಅಂದ್ರೆ ನಾನೂ ಬ್ಯಾಡ ಅಂತೀನಿ" ಅಂದಳು. ಇಷ್ಟು ದಿನಕ್ಕೆ ಎರಡು ತುತ್ತು ಉಂಡಿದ್ದಾಳೋ ಇಲ್ಲವೋ. ನಾನು ಹೂಂ ಅನ್ನದಿದ್ದರೆ ನನಗಿಂತ ಮೊದಲು ಅವಳೇ ಹೋಗುತ್ತಾಳೆ.

ಹೂಂ ಅಂದೆ. ನನಗಾಗಿ ಅಲ್ಲ, ನಿನಗಾಗಿಯೂ ಅಲ್ಲ. ನಾಳೆ ಹೋಗುತ್ತೇನೆ. ಇದೊಂದು ಸಲ.

ಹೆದರಿಕೆ ಆಗ್ತೈತೆ ಮಾರುತಿ.

ಅವ್ವ


ದಾವಣಗೆರೆ
24 ಫೆಬ್ರವರಿ

ಮಾರುತಿ,

ನೀನು ಕಾಗದವನ್ನೇ ಬರೆಯಲಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಿ ಅಂತ ಸುಷ್ಮಾ ಹೇಳಿದಳು.

ಹೋಗಿ ಬಂದೆ. ಆಸ್ಪತ್ರೆ ಮೆಟ್ಟಿಲಲ್ಲೇ ಒಂದು ಸಲ ಬಂತು, ಔಷಧ ಮೈಗೆ ಇಳಿಯುವ ಮೊದಲೇ. ಮನೆಗೆ ಬಂದ ದಿನ ರಾತ್ರಿ ಇನ್ನೊಂದು ಸಲ. ಆಮೇಲೆ ಹೊಟ್ಟೆ ತೊಳಸುತ್ತಿತ್ತು, ಆದರೆ ಮೇಲೆ ಬರಲಿಲ್ಲ. ನಿನ್ನಜ್ಜಿ ಕೈ ಒರೆಸಿ ಒರೆಸಿ ಸೆರಗೇ ಸವೆದಿದೆ. ಅವಳು ಇಟ್ಟ ಹೆಸರು ಗೊತ್ತೇ? "ಬ್ಯಾಡವ್ವ ಮಾತ್ರೆ." ಯಾಕ ಅಂದರೆ, ಬರೋ ವಾಂತಿಗೆ ಬ್ಯಾಡವ್ವ ಅಂತ ಹೇಳೋ ಮಾತ್ರೆ ಅಂತೆ. ತಲೆನೋವು ಬಂದಿತ್ತು. ಹೊಟ್ಟೆಯೂ ಕಟ್ಟಿದೆ, ಅದಕ್ಕೆ ಡಾಕ್ಟರಮ್ಮ ಬೇರೆ ಪುಡಿ ಬರೆದುಕೊಟ್ಟರು. ನಿನ್ನೆ ಅರ್ಧ ಲೋಟ ಗಂಜಿ ಒಳಗೇ ಕೂತಿತು. ಕೂತಿದೆಯೋ ಇಲ್ಲವೋ ಎಂದು ಮೂವರೂ ನನ್ನ ಹೊಟ್ಟೆ ನೋಡುತ್ತಾ ಕೂತಿದ್ದೆವು.

ನಾಲ್ಕನೇದಕ್ಕೆ ಹೋಗುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಮೈಯಲ್ಲಿ ಏನೂ ಉಳಿದಿಲ್ಲ. ಕೂದಲೂ ಹೋಯ್ತು, ಬಾಚಣಿಗೆ ಸುಷ್ಮಾಗೆ ಕೊಟ್ಟೆ. ಕೆಲವು ಹೊತ್ತು ಹೋಗೋಣ ಅನ್ನಿಸುತ್ತದೆ, ಕೆಲವು ಹೊತ್ತು ಯಾಕ ಬೇಕು ಅನ್ನಿಸುತ್ತದೆ.

ಈಗ ನಗಿಸಬಹುದು. ಒಂದು ಸಲ ನಗಿಸಿ ನೋಡು, ತಡೆಯುತ್ತದೋ ಇಲ್ಲವೋ.

ಅವ್ವ


ಹರಿಹರ
1 ಮಾರ್ಚ್ 2025

ಅವ್ವಾ,

ಇದು ನನ್ನ ಕೈಬರಹ. ಡಾಕ್ಟರು ನಿನ್ನೆ ಬೆನ್ನು ತಿರುಗಿಸಿ ನೋಡಿ ಇನ್ನು ಯಾರಿಗೂ ಅಂಟುವುದಿಲ್ಲ ಎಂದರು. ಹೊಸ ಹಾಳೆ, ಹೊಸ ಪೆನ್ನು. ಕೊನೆಯ ಹಕ್ಕಳೆಯನ್ನು ಸಾಕ್ಷಿಗಾಗಿ ಲಗತ್ತಿಸಬೇಕೆಂದಿದ್ದೆ, ಚಾಚಿ ಕೋಲು ಎತ್ತಿದರು.

ನಗಿಸು ಎಂದೆಯಲ್ಲ. ನಿನ್ನ ಕಾಗದ ಬಂದಾಗಿನಿಂದ ಅದೇ ಕೆಲಸದ ಮೇಲಿದ್ದೇನೆ. ಘನ ಸನ್ನಿಧಾನಕ್ಕೆ ಎಂದು ಬರೆದೆ, ಹರಿದೆ. ವಿಷಯ ಎಂದು ಬರೆದೆ, ವಿಷಯ ಸಿಗಲಿಲ್ಲ. ಬೇಡ ಎಂದಾಗ ಬೇಕಾದಷ್ಟು ಬರುತ್ತಿತ್ತು. ಅಂಜನಕುಮಾರನನ್ನು ಒಂದು ಜೋಕು ಸಾಲ ಕೇಳಿದೆ. ನಿನಗೆ ಬರೆದ ಕಾಗದಗಳನ್ನೆಲ್ಲ ಪ್ರಿಂಟ್ ತೆಗೆದವನಲ್ಲವೇ, ಅವನ ಹತ್ತಿರವೂ ಇರಲಿಲ್ಲ.

ಇವತ್ತು ಚಾಚಿ ಬಿಸಿನೀರು ಕಾಯಿಸಿ, ಅರಿಸಿನ ಬೇವು ಹಾಕಿ ತಂದು ಹಿತ್ತಲಲ್ಲಿಟ್ಟರು. "ನಿಮ್ಮಲ್ಲಿ ಹಿಂಗೇ ಅಲ್ಲೇನೋ ಅಮ್ಮನ್ನ ಕಳಿಸೋದು? ನಿಮ್ಮವ್ವ ಇದ್ದಿದ್ರೆ ಅವಳೇ ಹುಯ್ತಿದ್ಲು" ಎಂದರು. ನಾನೇ ಹುಯ್ದುಕೊಂಡೆ. "ಅಳ್ತಿಯೇನೋ?" ಎಂದು ಗೋಡೆಯಾಚೆಯಿಂದ ಕೇಳಿದರು. "ಬೇವಿನ ನೀರು ಕಣ್ಣಿಗೆ ಹೋಯ್ತ್ರಿ" ಎಂದೆ.

ನಾಳೆ ಭಾನುವಾರ, ಮೊದಲ ಬಸ್ಸಿಗೆ ಬರುತ್ತೇನೆ. ಡಾಕ್ಟರಮ್ಮನೂ ಹೂಂ ಎಂದಿದ್ದಾರೆ. ಕಹಳೆ ಊದುವುದಿಲ್ಲ. ನಾಲ್ಕನೇದರ ಮಾತು ಎತ್ತುವುದಿಲ್ಲ. ನಿನ್ನ ಮಂಚದ ಪಕ್ಕ ಸುಮ್ಮನೆ ಕೂರುತ್ತೇನೆ, ಅಷ್ಟೇ.

ಅಮ್ಮ ಹೋದಳು, ಅವ್ವಾ. ನೀನು ಇರು.

ಮಾರುತಿ